ಹಾನಿ ಇಲ್ಲ ಎಂದು ಬರೆದ ದಾರಿ

ವಯನಾಡು ಹೊಸದಾಗಿ ಜಿಲ್ಲೆಯಾದಾಗ ನಮ್ಮ ಕಚೇರಿಗೆ ಇನ್ನೂ ಸರಿಯಾಗಿ ಕುರ್ಚಿಗಳು ಬಂದಿರಲಿಲ್ಲ. ಮಾನಂತವಾಡಿಯಲ್ಲಿ ಯಾರೋ ವ್ಯಾಪಾರಿಯ ಕಾಳುಮೆಣಸಿನ ಗೋದಾಮನ್ನು ಬಾಡಿಗೆಗೆ ಹಿಡಿದು, ನಡುವೆ ಹಲಗೆಯ ಅಡ್ಡಗೋಡೆ ನಿಲ್ಲಿಸಿದ್ದರು. ಆಚೆ ಇಂಜಿನಿಯರು, ಈಚೆ ನಾವು. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಎಲ್ಲರೂ ಒಂದು ಸುತ್ತು ಸೀನುತ್ತಿದ್ದೆವು. ಆಮೇಲೆ ದಿನದ ಮೊದಲ ಕೆಲಸ ಫಾರಂಗಳ ಮೇಲೆ ಅಚ್ಚಾಗಿದ್ದ ಕಣ್ಣೂರಿನ ಹೆಸರಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಹೊಸ ಜಿಲ್ಲೆಯ ರಬ್ಬರ್ ಸ್ಟಾಂಪು ಒತ್ತುವುದು. ನಾನು ಒತ್ತಿದ ಸ್ಟಾಂಪು ಒಂದೂ ಓರೆಯಾಗುತ್ತಿರಲಿಲ್ಲ. ಅದರ ಬಗ್ಗೆ ನನಗೆ ಇದ್ದ ಜಂಬವನ್ನು ಈಗ ನೆನೆದರೆ ನಗು ಬರುತ್ತದೆ.

ನಾನು ಅಲ್ಲಿ ಓವರ್ಸೀಯರ್. ಆ ಕೆಲಸದಲ್ಲಿ ಹೆಂಗಸರು ಅಪರೂಪ, ಹಾಗಾಗಿ ಎಲ್ಲರಿಗಿಂತ ಚೊಕ್ಕಟವಾಗಿ ಕೆಲಸ ಮಾಡಬೇಕು ಎಂಬ ಹಟ ನನಗೆ. ಕೋಪ ಮೂಗಿನ ತುದಿಯಲ್ಲಿ. ನಮ್ಮ ಮನೆ ಕೊಳವಳ್ಳಿಯಲ್ಲಿ, ಕಬಿನಿಯ ದಡದಲ್ಲಿ. ಹೊಳೆ ದಾಟಿದರೆ ಕರ್ನಾಟಕ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ಕಚೇರಿಯಲ್ಲಿ ಮಲಯಾಳದಲ್ಲಿ ಬರೆಯುತ್ತಿದ್ದೆ, ಬೈಯುವಾಗ ಮಾತ್ರ ಕನ್ನಡ ತಾನಾಗಿ ಬರುತ್ತಿತ್ತು. ಕನ್ನಡ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಆ ಕಾಲುದಾರಿಯ ಕೆಲಸ ನನ್ನ ಪಾಲಿಗೆ ಬಂತು.

ಕೆಲಸ ಏನೆಂದರೆ, ರಜೆಯಲ್ಲಿ ಬರುವ ಹೊರಗಿನವರು ತೃಶ್ಶಿಲೇರಿ ಕಡೆಯ ಒಂದು ಗುಡ್ಡ ಹತ್ತಿ, ಮೇಲೆ ಕೂತು ಗಾಳಿ ಕುಡಿದು ಇಳಿಯುವುದಕ್ಕೆ ಒಂದು ದಾರಿ ಮಾಡುವುದು. ಹೊಸ ಜಿಲ್ಲೆಗೆಂದು ಸರ್ಕಾರ ಅದಕ್ಕೆ ಅನುದಾನ ಕೊಟ್ಟಿತ್ತು. ಈ ಸುದ್ದಿ ಹೇಳಿದಾಗ ನಮ್ಮಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಸುಮ್ನೆ ನಡೆಯೋದಕ್ಕೂ ಸರ್ಕಾರ ದಾರಿ ಮಾಡ್ಕೊಡ್ತದಾ? ಎಲ್ಲಿಗೂ ಹೋಗದ ದಾರಿ?"

"ಮೇಲೆ ಹೋಗಿ ವಾಪಸ್ ಬರೋದು."

"ಹೊಳೆಗೆ ಹೋಗಿ ನೀರು ತರೋರಿಗೆ ಮಾಡ್ಕೊಟ್ಟಿದ್ರೆ ಆಗ್ತಿತ್ತು," ಎಂದು ಮತ್ತೆ ಮೊರಕ್ಕೆ ಕೈಹಾಕಿದಳು.

ಅನುದಾನ ಎರಡು ಭಾಗದಲ್ಲಿತ್ತು. ಮೊದಲನೆಯದು ದಾರಿ ಕಟ್ಟಲು. ಎರಡನೆಯದು ಅದನ್ನು ವರ್ಷವರ್ಷವೂ ನೋಡಿಕೊಳ್ಳಲು. ಆದರೆ ಎರಡನೆಯದು ಬರಬೇಕಾದರೆ ದಾರಿ ಒಂದು ಮಳೆಗಾಲ ಕಳೆದ ಮೇಲೆ ತಿರುವನಂತಪುರದಿಂದ ಒಬ್ಬ ಅಧಿಕಾರಿ ಬಂದು ನೋಡಿ ಹೋಗಬೇಕು. ಅವರು ಒಪ್ಪಿದರೆ ಕಾಯಂ ಉಸ್ತುವಾರಿ ಸಿಗುತ್ತದೆ, ಜೊತೆಗೆ ವರ್ಷಪೂರ್ತಿ ದಾರಿ ನೋಡಿಕೊಳ್ಳಲು ಒಬ್ಬರಿಗೆ ಕೆಲಸವೂ ಸಿಗುತ್ತದೆ. ಆ ಒಂದು ಕೆಲಸದ ಸಾಲನ್ನು ನಾನು ಗುಡ್ಡದ ಬುಡದ ಹಾಡಿಯಲ್ಲಿ ಕನ್ನಡಕ್ಕೆ ಬಿಡಿಸಿ ಓದಿ ಹೇಳಿದೆ. ಅದನ್ನು ಎರಡು ಸಲ ಓದಿಸಿದವಳು ಒಬ್ಬಳೇ.

ಅವಳು ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಹಾಡಿಯವರೆಲ್ಲ ಕಾಡಿನವರು, ಅವರ ಮಾತು ಕನ್ನಡಕ್ಕೆ ಹತ್ತಿರ, ನಡುನಡುವೆ ಮಲಯಾಳದ ಪದಗಳು ಬೆರೆತಿರುತ್ತಿದ್ದವು. ಸೊಂಟದಲ್ಲಿ ಯಾವಾಗಲೂ ಒಂದು ಕತ್ತಿ. ನಾಲ್ಕು ವರ್ಷದ ಮಗಳು ಸೀರೆಯ ಸೆರಗು ಹಿಡಿದುಕೊಂಡೇ ಇರುತ್ತಿದ್ದಳು. ಗಂಡ ಕೊಡಗಿನಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದ. ಜೇನು ತೆಗೆಯುವವರಿಗೆ ಕಾಡಿನಲ್ಲಿ ದಾರಿ ಬಿಡಿಸಿಕೊಡುವುದರಲ್ಲಿ ಅವಳದು ಎತ್ತಿದ ಕೈ ಎಂದು ಹಾಡಿಯವರೇ ಹೇಳಿದರು. ನಾನು ಅವಳನ್ನೇ ಮುಂದೆ ನಡೆಸಿ, ಹಿಂದೆ ಹಗ್ಗ ಮತ್ತು ಗೂಟ ಹಿಡಿದು ಹೊರಟೆ.

ಮೊದಲ ದಿನವೇ ಜಗಳ. ಅವಳು ನಡೆದದ್ದು ಹಸು ಮೇಯುತ್ತಾ ಹೋದ ಹಾಗೆ. ಒಂದು ನೆಲ್ಲಿಮರದ ಬಲಕ್ಕೆ ಹೋಗಿ, ಬಂಡೆಯೊಂದನ್ನು ಸುತ್ತಿ, ಇದ್ದಕ್ಕಿದ್ದಂತೆ ಇಳಿದು ಮತ್ತೆ ಹತ್ತುವುದು. ನಾನು ನೇರ ಗೆರೆ ಎಳೆದೆ. ನಡುವಿನ ಕಡಿದಾದ ಜಾಗಕ್ಕೆ ಕಲ್ಲಿನ ಮೆಟ್ಟಿಲು ಎಂದೆ. ನಕ್ಷೆಯಲ್ಲಿ ನಲವತ್ತೆರಡು ಮೆಟ್ಟಿಲು ಬಂದವು. ಅವಳು ಗೂಟಗಳ ಸಾಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಇದು ನೀರಿನ ವಳಿ ಅಮ್ಮ. ಮನುಷ್ಯರದಲ್ಲ."

ವಳಿ ಎಂದರೆ ದಾರಿ. "ನೀರಿಗೆ ಪಕ್ಕದಲ್ಲಿ ಚರಂಡಿ ಮಾಡ್ತೀವಿ," ಎಂದೆ.

"ಮಾಡಿ. ಮಳೆ ಬಂದಾಗ ಮೆಟ್ಲು ಹತ್ತೋದೂ ನೀರೇ, ಇಳಿಯೋದೂ ನೀರೇ. ಅದಕ್ಕೆ ಸುಕ ಆಗ್ತದೆ." ಹೇಳಿ ನಕ್ಕಳು. ನನಗೆ ಸಿಟ್ಟು ಬಂತು, ಆದರೂ ಅವಳ ನಗು ಕಂಡು ನನಗೂ ನಗು ಬಂದುಬಿಟ್ಟಿತು. ಮೆಟ್ಟಿಲು ಮಾತ್ರ ಬಿಡಲಿಲ್ಲ.

ಬೇಸಿಗೆಯೆಲ್ಲ ಕೆಲಸ ನಡೆಯಿತು. ಹಾಡಿಯ ಹತ್ತು ಹನ್ನೆರಡು ಮಂದಿ ಕಲ್ಲು ಹೊತ್ತರು. ಮಧ್ಯಾಹ್ನ ಬಂಡೆಯ ನೆರಳಲ್ಲಿ ಕೂತು ನಾನು ತಂದ ಚಿತ್ರಾನ್ನ, ಅವಳು ಸುಟ್ಟ ಗೆಣಸು ಹಂಚಿಕೊಳ್ಳುತ್ತಿದ್ದೆವು. ಹಾಗೆ ಕೂತ ಒಂದು ದಿನ ಅವಳು ಕೇಳಿದಳು, "ವರ್ಷಾ ಪೂರ್ತಿ ಪಣಿ ಅಂದ್ರಲ್ಲ, ಮಳೇಲೂ ಕೂಲಿ ಬರ್ತದಾ? ಕಾಪಿ ಕುಯ್ಯೋ ಕಾಲದಲ್ಲೂ?" ಪಣಿ ಎಂದರೆ ಕೆಲಸ.

"ಹನ್ನೆರಡು ತಿಂಗಳೂ."

ಅವಳು ಗೆಣಸಿನ ಸಿಪ್ಪೆ ಸುಲಿಯುತ್ತಾ ಹೇಳಿದಳು. ಪ್ರತಿ ವರ್ಷ ಕಾಫಿ ಕೊಯ್ಲಿಗೆ ಕಾಟಿಕುಳಕ್ಕೆ ಜೀಪು ಬರುತ್ತದೆ, ಕೊಡಗಿನ ತೋಟಕ್ಕೆ ಆಳು ತುಂಬಿಸಿಕೊಂಡು ಹೋಗುತ್ತದೆ. ಹೋಗದೆ ಇದ್ದರೆ ಉಳಿದ ತಿಂಗಳು ಹೊಟ್ಟೆಗಿಲ್ಲ. ಎರಡು ವರ್ಷದ ಹಿಂದೆ ಹೋದಾಗ ತೋಟದ ಲೈನ್ ಮನೆಯಲ್ಲಿ, ಸಿಮೆಂಟಿನ ನೆಲದ ಮೇಲೆ, ಜ್ವರ ಬಂದು ಅವಳ ಚಿಕ್ಕ ಮಗು ಹೋಯಿತು. ಅಲ್ಲೇ ತೋಟದ ಬೇಲಿಯ ಆಚೆ ಹೂಳಿದರು. "ಇವಳನ್ನ ಅಲ್ಲಿಗೆ ಕರ್ಕೊಂಡೋಗಲ್ಲ," ಎಂದಳು, ಮಗಳ ತಲೆಯ ಮೇಲೆ ಕೈಯಿಟ್ಟು. ದನಿ ಏರಿಸಲಿಲ್ಲ, ಕಣ್ಣು ಒರೆಸಲಿಲ್ಲ. ಆ ವರ್ಷ ಜೀಪು ಹತ್ತದೆ ಉಳಿಯಲು ಅವಳಿಗಿದ್ದ ಒಂದೇ ಆಸರೆ ನನ್ನ ಕಾಗದದ ಆ ಒಂದು ಸಾಲು.

"ಕೆಲಸ ನಿನಗೇ," ಎಂದುಬಿಟ್ಟೆ. ಹಾಗೆ ಹೇಳಲು ನನಗೆ ಅಧಿಕಾರವಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅದು ನಿಜವಾಗಿಯೇ ಮನಸ್ಸಿನಿಂದ ಬಂದ ಮಾತು.

ಮಳೆಗಾಲದ ನಾಲ್ಕು ತಿಂಗಳು ನಾನು ಆ ಕಡೆ ತಲೆಹಾಕಲಿಲ್ಲ. ಸೇತುವೆ, ಮೋರಿ, ಕುಸಿದ ರಸ್ತೆ ಎಂದು ಜಿಲ್ಲೆಯ ತುಂಬ ಓಡಾಟವಿತ್ತು ಎನ್ನುವುದು ಕಾರಣ. ಇಂಬಳದ ಭಯವೂ ಕಾರಣ, ಅದನ್ನು ಯಾರಿಗೂ ಹೇಳಿರಲಿಲ್ಲ.

ಅಧಿಕಾರಿ ಬರುವುದಕ್ಕೆ ಇನ್ನು ಎರಡೇ ದಿನ ಎನ್ನುವಾಗ ಛತ್ರಿ ಹಿಡಿದು ಗುಡ್ಡ ಹತ್ತಿದೆ. ಕೆಳಗಿನ ಭಾಗ ಚೆನ್ನಾಗಿತ್ತು. ಕಡಿದಾದ ಜಾಗಕ್ಕೆ ಬಂದವಳು ಹಾಗೇ ನಿಂತುಬಿಟ್ಟೆ. ನನ್ನ ಮೆಟ್ಟಿಲುಗಳೇ ಇಲ್ಲ. ಅವು ಇದ್ದ ಜಾಗದ ಬಾಯಿಗೆ ಲಂಟಾನದ ಮುಳ್ಳುಕೊಂಬೆಗಳನ್ನು ಅಡ್ಡ ಹಾಕಿದ್ದಾರೆ. ಅದರ ಹಿಂದೆ ಎಳೆಯ ಹುಲ್ಲು ಎದ್ದಿದೆ. ಪಕ್ಕದಲ್ಲಿ ಒಂದು ಹೊಸ ದಾರಿ, ನೆಲ್ಲಿಮರದ ಬಲಕ್ಕೆ ಹೋಗಿ, ಬಂಡೆಯನ್ನು ಸುತ್ತಿ, ಇಳಿದು ಹತ್ತಿಕೊಂಡು ಹೋಗಿದೆ. ನನ್ನ ಮೆಟ್ಟಿಲಿನ ಕಲ್ಲುಗಳನ್ನು ಅಲ್ಲಲ್ಲಿ ಓರೆಯಾಗಿ ಹೂತು, ನೀರು ಪಕ್ಕಕ್ಕೆ ಹರಿದು ಹೋಗುವ ಹಾಗೆ ಮಾಡಿದ್ದಾರೆ. ಹೊಸ ದಾರಿಯ ಮೇಲೆ ಒಂದು ತಂಬಿಗೆ ಮಣ್ಣೂ ಕೊಚ್ಚಿಹೋಗಿರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಆದರೆ ತಲೆಗೆ ಹತ್ತಲಿಲ್ಲ.

ಅವಳು ಮೇಲಿನಿಂದ ಇಳಿದು ಬಂದಳು. ಮುಖದಲ್ಲಿ ಸಂಭ್ರಮ. ಬಹುಮಾನ ಕೊಡುವವರ ಎದುರು ನಿಂತ ಮಕ್ಕಳ ಮುಖದಲ್ಲಿ ಇರುತ್ತದಲ್ಲ, ಅಂಥದ್ದು.

"ಮಿಥುನ ತಿಂಗಳ ಮಳೆಗೇ ಮೆಟ್ಲು ಕಿತ್ತು ಬರೋಕೆ ಶುರುವಾಯ್ತು ಅಮ್ಮ. ಒಂದೊಂದೇ ಕಲ್ಲು ಎತ್ತಿ ಈ ಕಡೆ ಹಾಕ್ದೆ. ಹಳೇದು ಮಲಗ್ಲಿ. ಒಂದ್ ಮಳೆ, ಎರಡ್ ಮಳೆ ಮಲಗಿದ್ರೆ ಮತ್ತೆ ನಡೆಯೋಕೆ ಬರ್ತದೆ. ನಾವು ಎಲ್ಲಾ ವಳೀನೂ ಹಂಗೇ ಮಾಡೋದು."

ಅವರ ಪದ್ಧತಿ ಅದು. ಮಳೆ ಕೊರೆದ ದಾರಿಯನ್ನು ಅವರು ರಿಪೇರಿ ಮಾಡುವುದಿಲ್ಲ. ಮುಳ್ಳು ಹಾಕಿ ಮಲಗಿಸುತ್ತಾರೆ, ಪಕ್ಕದಲ್ಲಿ ನಡೆಯುತ್ತಾರೆ, ವರ್ಷ ಕಳೆದ ಮೇಲೆ ತಿರುಗಿ ಎಬ್ಬಿಸುತ್ತಾರೆ. ಇಷ್ಟನ್ನೂ ಅವಳು ನಾಲ್ಕು ತಿಂಗಳು, ಇಂಬಳ ಕಚ್ಚಿಸಿಕೊಂಡು, ಯಾರೂ ಕೇಳದೆ, ಕೂಲಿಯಿಲ್ಲದೆ ಮಾಡಿದ್ದಳು.

ನಾನು ಏನು ಹೇಳಿದೆ ಎಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನಕ್ಷೆಯನ್ನು ಬಿಡಿಸಿ ಅವಳ ಮುಖದ ಮುಂದೆ ಹಿಡಿದೆ. "ನಲವತ್ತೆರಡು ಮೆಟ್ಟಿಲು ಎಲ್ಲಿ? ಅನುದಾನ ಕೊಟ್ಟಿದ್ದು ಈ ಗೆರೆಗೆ. ಇದು ಇಲ್ಲದಿದ್ದರೆ ನಿನ್ನ ಕೆಲಸವೂ ಇಲ್ಲ, ನನ್ನ ಕೆಲಸವೂ ಇಲ್ಲ. ಯಾರನ್ನು ಕೇಳಿ ಕಿತ್ತೆ?" ಎಂದು ಕೂಗಾಡಿದೆ. ನೆಲ್ಲಿಮರದಲ್ಲಿದ್ದ ಹಕ್ಕಿಗಳು ಹಾರಿಹೋದವು. ಅವಳ ಮಗಳು ಸೆರಗಿನೊಳಗೆ ಮುಖ ಮುಚ್ಚಿಕೊಂಡಳು.

ಅವಳು ನಕ್ಷೆಯನ್ನು ಸ್ವಲ್ಪ ಹೊತ್ತು ನೋಡಿದಳು. ಕೊನೆಗೆ, "ಶರಿ ಅಮ್ಮ. ಕಡಲಾಸಲ್ಲಿ ಇರೋ ಹಂಗೆ ಮಾಡಣ," ಎಂದಳು. ಕಾಗದಕ್ಕೆ ಅವರು ಕಡಲಾಸು ಎನ್ನುತ್ತಾರೆ. ಸೊಂಟದ ಕತ್ತಿ ತೆಗೆದು ಮುಳ್ಳು ಬಿಡಿಸಲು ಬಗ್ಗಿದಳು.

ಎರಡು ದಿನ ಹಾಡಿಯ ನಾಲ್ವರು, ಅವಳು, ಕೊನೆಗೆ ನಾನೂ ಸೇರಿ ಕಲ್ಲು ಹೊತ್ತೆವು. ಹೊಸ ದಾರಿಯಿಂದ ಕಲ್ಲು ಕಿತ್ತು ಹಳೆಯ ಜಾಗಕ್ಕೆ ತಂದು, ಹುಲ್ಲು ಕೆರೆದು, ಮೆಟ್ಟಿಲು ಕೂಡಿಸಿದೆವು. ಅವಳು ಮಾಡಿದ ದಾರಿಯ ಮೇಲೆ ಒಣ ಎಲೆ ಸುರಿದು ಮುಚ್ಚಿದೆವು. ನಲವತ್ತೆರಡನೆಯ ಕಲ್ಲು ಕೂತಾಗ ನನಗೆ ನಿಜಕ್ಕೂ ಸಂತೋಷವಾಯಿತು. ಅವಳ ಅಂಗೈ ಒಡೆದು ರಕ್ತ ಬಂದಿತ್ತು, ಸೊಪ್ಪು ಅರೆದು ಕಟ್ಟಿಕೊಂಡಳು.

ತಿರುವನಂತಪುರದ ಅಧಿಕಾರಿ ಒಳ್ಳೆಯ ಮನುಷ್ಯರು. ಕಪ್ಪು ಛತ್ರಿ, ಕ್ಯಾನ್ವಾಸ್ ಬೂಟು, ಏದುಸಿರು. ನಿಧಾನವಾಗಿ ಹತ್ತಿದರು, ಮೆಟ್ಟಿಲು ಎಣಿಸಿದರು. ಮೇಲೆ ಕೂತು ದೂರದ ಗದ್ದೆಗಳನ್ನು ನೋಡುತ್ತಾ, "ಚೆನ್ನಾಗಿದೆ, ಬಹಳ ಚೆನ್ನಾಗಿದೆ," ಎಂದು ಮಲಯಾಳದಲ್ಲಿ ಹೇಳಿದರು. ಅವಳು ಕುಡಿಯಲು ನೀರು ತಂದುಕೊಟ್ಟಳು. ಕುಡಿದು, ಲೋಟ ಹಿಂದಕ್ಕೆ ಕೊಟ್ಟು, ನನ್ನನ್ನು ಕೇಳಿದರು.

"ಇಷ್ಟೊಂದು ಮಳೆ ಬಂತಲ್ಲ, ಏನೂ ತೊಂದರೆ ಆಗಲಿಲ್ಲವಾ? ಯಾರಾದರೂ ರಿಪೇರಿ ಮಾಡಬೇಕಾಗಿ ಬಂತಾ?"

ಅವರು ಕೇಳಿದ್ದು ಸುಮ್ಮನೆ, ತಿಳಿದುಕೊಳ್ಳುವುದಕ್ಕೆ. ಅವಳಿಗೆ ಮಲಯಾಳ ಚೆನ್ನಾಗಿ ಅರ್ಥವಾಗುತ್ತಿತ್ತು. ಲೋಟ ಹಿಡಿದುಕೊಂಡು ನನ್ನ ಕಡೆ ನೋಡಿದಳು.

"ಏನೂ ಆಗಲಿಲ್ಲ ಸಾರ್," ಎಂದೆ. "ಒಂದು ಕಲ್ಲೂ ಜಾರಲಿಲ್ಲ."

ಅವಳು ಲೋಟ ತೊಳೆದಿಡಲು ಬಗ್ಗಿದಳು. ಓವರ್ಸೀಯರಮ್ಮ ಹೇಳಿದ ಮೇಲೆ ಅದರಲ್ಲಿ ಏನೋ ಲೆಕ್ಕಾಚಾರ ಇರಬೇಕು ಎಂದುಕೊಂಡಿರಬೇಕು. ನನ್ನ ಮೇಲೆ ಅಷ್ಟು ನಂಬಿಕೆ ಇತ್ತು ಅವಳಿಗೆ.

ಲೆಕ್ಕಾಚಾರ ಇದ್ದದ್ದೂ ಹೌದು. ಅದು ನಮ್ಮ ಕೆಲಸದವರ ಲೆಕ್ಕಾಚಾರ. ವರದಿಯ ಫಾರಂನಲ್ಲಿ 'ಮಳೆಯಿಂದ ಆದ ಹಾನಿ' ಎಂದು ಒಂದು ಕಾಲಂ ಇರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಹೆಡ್ ಕ್ಲರ್ಕ್ ನನಗೆ ಹೇಳಿಕೊಟ್ಟಿದ್ದರು, "ಆ ಕಾಲಂನಲ್ಲಿ 'ಇಲ್ಲ' ಬಿಟ್ಟು ಬೇರೆ ಏನನ್ನೂ ಬರೆಯಬೇಡ ಮಗಳೇ. ಹಾನಿ ಎಂದು ಬರೆದರೆ ಕಟ್ಟಿದವಳು ನೀನು, ವಿವರಣೆ ಕೊಡಬೇಕಾದವಳೂ ನೀನು." ನಮ್ಮಲ್ಲಿ ಎಲ್ಲರೂ ಹಾಗೇ ಬರೆಯುತ್ತಿದ್ದರು. ಅರ್ಧ ಸೇತುವೆ ಹೊಳೆಯಲ್ಲಿ ಹೋಗಿದ್ದರೂ ಕಾಲಂನಲ್ಲಿ 'ಇಲ್ಲ' ಇರುತ್ತಿತ್ತು, ಸೇತುವೆಯ ಹೊಸ ಕೆಲಸ ಬೇರೆ ಫೈಲಿನಲ್ಲಿ ಹುಟ್ಟುತ್ತಿತ್ತು. ನಾನೂ ಅವತ್ತು ಸಂಜೆ ಗೋದಾಮಿಗೆ ಬಂದು, ಸೀನಿ, ದುಂಡಗಿನ ಅಕ್ಷರದಲ್ಲಿ ಬರೆದೆ. ಹಾನಿ: ಇಲ್ಲ. ಮಾಡಿದ ದುರಸ್ತಿ: ಇಲ್ಲ. ಕೆಳಗೆ, ಯಾರೂ ಕೇಳದಿದ್ದರೂ, 'ಒಂದು ಕಲ್ಲೂ ಜಾರಿಲ್ಲ' ಎಂದು ಸೇರಿಸಿದೆ. ಸ್ಟಾಂಪು ನೇರವಾಗಿ ಬಿತ್ತು.

ಉತ್ತರ ಬೇಗ ಬಂತು. ಕಾಗದ ತುಂಬ ಸಭ್ಯವಾಗಿತ್ತು. ದಾರಿಯ ಗುಣಮಟ್ಟವನ್ನು ಹೊಗಳಿದ್ದರು. ಇಷ್ಟು ಭಾರಿ ಮಳೆಗಾಲವನ್ನು ಯಾವುದೇ ದುರಸ್ತಿಯಿಲ್ಲದೆ ತಡೆದುಕೊಂಡ ದಾರಿಗೆ ಸದ್ಯಕ್ಕೆ ವರ್ಷದ ಉಸ್ತುವಾರಿಯಾಗಲಿ, ಅದಕ್ಕಾಗಿ ಒಬ್ಬರ ನೇಮಕವಾಗಲಿ ಅಗತ್ಯವಿಲ್ಲ, ಮುಂದೆ ಹಾನಿ ಕಂಡುಬಂದಲ್ಲಿ ಪರಿಶೀಲಿಸಲಾಗುವುದು ಎಂದಿತ್ತು.

ಅದನ್ನು ಮೂರು ಸಲ ಓದಿದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಜಾಗವೇ ಇರಲಿಲ್ಲ. ನಾನು ಬರೆದದ್ದನ್ನು ಅವರು ನಂಬಿದ್ದರು, ಅಷ್ಟೇ. ಅವಳು ನಾಲ್ಕು ತಿಂಗಳು ಮಾಡಿದ ಕೆಲಸವೇ ಆ ಕೆಲಸ ಬೇಕು ಎನ್ನುವುದಕ್ಕೆ ಸಾಕ್ಷಿಯಾಗಿತ್ತು. ಅದನ್ನು ನಾನೇ ಒಣ ಎಲೆ ಸುರಿದು ಮುಚ್ಚಿದ್ದೆ.

ಹೆಡ್ ಕ್ಲರ್ಕ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಈಗ ಹಾನಿ ಇತ್ತು ಎಂದು ಬರೆದರೆ, ಮೊದಲು ಸುಳ್ಳು ಬರೆದೆ ಎಂದಾಗುತ್ತದೆ," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದರು. ಆದರೂ ನಾನು ಬರೆದೆ. ಮೆಟ್ಟಿಲು ಕಿತ್ತುಹೋದದ್ದು, ಅವಳು ದಾರಿ ತಿರುಗಿಸಿದ್ದು, ನಾನು ಮುಚ್ಚಿಸಿದ್ದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದೆ. ಆಮೇಲೆ ಅದನ್ನು ಮೇಜಿನ ಡ್ರಾಯರಿನಲ್ಲಿಟ್ಟೆ. ನನ್ನ ಪ್ರೊಬೇಷನ್ ಮುಗಿಯಲು ಇನ್ನು ಕೆಲವೇ ವಾರಗಳಿದ್ದವು. ಕೂಗಾಡಲು ಇದ್ದ ಧೈರ್ಯ ಒಂದು ಹಾಳೆಯನ್ನು ಟಪಾಲಿಗೆ ಹಾಕಲು ಇರಲಿಲ್ಲ. ದಿನಾ ಡ್ರಾಯರು ಎಳೆಯುವುದು, ನೋಡುವುದು, ಮುಚ್ಚುವುದು. ಹಾಡಿಗೆ ಹೋಗಿ ಅವಳ ಮುಖ ನೋಡುವುದನ್ನೂ ಮುಂದೂಡಿದೆ.

ಕೊನೆಗೆ ಕಳಿಸಿದೆ. ಕಳಿಸಿದ್ದಕ್ಕೆ ವಿವರಣೆ ಕೇಳಿ ಮೆಮೊ ಬಂತು, ಪ್ರೊಬೇಷನ್ ಆರು ತಿಂಗಳು ಮುಂದೆ ಹೋಯಿತು, ಅಷ್ಟರಿಂದ ನಾನೇನೂ ಸಾಯಲಿಲ್ಲ. ಮುಂದಿನ ಮಳೆಗೆ ಮೆಟ್ಟಿಲುಗಳು ನಲವತ್ತೆರಡೂ ಕೆಳಗಿನ ತೋಡಿಗೆ ಬಂದು ಬಿದ್ದವು. ಆಗ ಉಸ್ತುವಾರಿಯ ಅನುದಾನವೂ ಬಂತು, ದಾರಿ ನೋಡಿಕೊಳ್ಳಲು ಪೇಟೆಯ ಕಡೆಯ ಒಬ್ಬನನ್ನು ಹಾಕಿದರು. ಅವನಿಗೆ ಮುಳ್ಳು ಹಾಕಿ ದಾರಿ ಮಲಗಿಸುವುದು ಗೊತ್ತಿರಲಿಲ್ಲ. ಸಿಮೆಂಟು ಕೇಳುತ್ತಿದ್ದ. ಅದೆಲ್ಲ ಆಮೇಲಿನ ಮಾತು.

ನನಗೆ ಹೇಳಬೇಕಾಗಿರುವುದು ಹಾಳೆ ಇನ್ನೂ ಡ್ರಾಯರಿನಲ್ಲಿದ್ದಾಗಿನ ಒಂದು ಬೆಳಗ್ಗೆಯದು. ಬೇರೆ ಒಂದು ಮೋರಿಯ ಕೆಲಸಕ್ಕೆಂದು ಬಸ್ಸಿನಲ್ಲಿ ಕಾಟಿಕುಳಕ್ಕೆ ಬಂದು ಇಳಿದೆ. ಚಹದ ಅಂಗಡಿಯ ಎದುರು ಜೀಪು ನಿಂತಿತ್ತು. ಹಿಂದೆ ಪಾತ್ರೆ, ಚಾಪೆ, ಗಂಟುಮೂಟೆಗಳ ನಡುವೆ ಹದಿನೈದು ಇಪ್ಪತ್ತು ಮಂದಿ ಒತ್ತಿಕೊಂಡು ಕೂತಿದ್ದರು. ಅಂಚಿನಲ್ಲಿ ಅವಳು. ತೊಡೆಯ ಮೇಲೆ ಮಗಳು, ಮಗಳಿಗೆ ಯಾರದೋ ದೊಡ್ಡ ಸ್ವೆಟರು.

ಬೆನ್ನು ತಿರುಗಿಸಿ ಹೋಗಿಬಿಡೋಣ ಎನಿಸಿತು. ಅವಳೇ ಕರೆದಳು.

"ಅಮ್ಮ, ನಿಮ್ಮನ್ನ ನೋಡೋಕೆ ಆಫೀಸಿಗೆ ಬಂದಿದ್ದೆ. ನೀವು ಪಣಿಗೆ ಹೋಗಿದ್ರಿ."

ಹತ್ತಿರ ಹೋದೆ. ಕ್ಷಮೆ ಕೇಳಲು ಪದ ಹುಡುಕುತ್ತಿದ್ದೆ. ಅವಳು ಮುಂದಕ್ಕೆ ಬಗ್ಗಿ, ಜೀಪಿನ ಗದ್ದಲದಲ್ಲಿ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು.

"ನಿಮ್ಮ ಆಫೀಸಿನ ಕನ್ನಡಕದ ಸಾರ್ ಓದಿ ಹೇಳಿದ್ರು, ನೀವು ಬರ್ದಿದ್ದನ್ನ. ಇಷ್ಟು ಮಳೆಗೂ ಒಂದು ಕಲ್ಲೂ ಜಾರಿಲ್ಲ ಅಂತ. ನನ್ನ ಪಣೀನ ಯಾರೂ ಹಂಗೆ ಕಡಲಾಸಲ್ಲಿ ಬರ್ದಿರಲಿಲ್ಲ ಅಮ್ಮ. ಪಣಿ ಸಿಗದಿದ್ರೂ ಹೋಗ್ಲಿ."

ಅವಳ ಮುಖದಲ್ಲಿ ವ್ಯಂಗ್ಯ ಇದೆಯೇನೋ ಎಂದು ಹುಡುಕಿದೆ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಇರಲಿಲ್ಲ. ಅವಳಿಗೆ ನಿಜವಾಗಿಯೂ ಹೆಮ್ಮೆಯಾಗಿತ್ತು.

ಡ್ರೈವರು ಚಹ ಮುಗಿಸಿ ಬಂದು ಹತ್ತಿದ. ಜೀಪು ಅಲುಗಿದಾಗ ಅವಳು ಮಗಳನ್ನು ಎದೆಗೆ ಒತ್ತಿಕೊಂಡು, ಏನೋ ಮರೆತಿದ್ದವಳಂತೆ ತಲೆ ಹೊರಗೆ ಹಾಕಿದಳು.

"ಇಡವ ತಿಂಗಳ ಮಳೆಗೆ ಮುಂಚೆ ಮೆಟ್ಲಿಗೆ ಮುಳ್ಳು ಹಾಕ್ಸಿ ಅಮ್ಮ. ಅದು ಸರ್ಯಾಗಿ ಮಲಗಿಲ್ಲ."

ಆಗಲಿ ಎಂದು ತಲೆಯಾಡಿಸಿದೆ. ಜೀಪು ಕೊಡಗಿನ ಕಡೆಗೆ, ಕುಟ್ಟದ ರಸ್ತೆಗೆ ತಿರುಗಿತು. ಸ್ವೆಟರಿನ ಉದ್ದ ತೋಳಿನೊಳಗಿಂದ ಮಗು ನನಗೆ ಕೈ ಬೀಸುತ್ತಿತ್ತು, ನಾನೂ ಬೀಸಿದೆ.